ಪಾಂಡೆರೋಸಾದ ಬೇಲಿ, ವೀರಗಲ್ಲಿನ ಬಯಲು

ಬೆಂಕಿ ಹೊತ್ತಿಕೊಂಡ ನಕ್ಷೆಯೊಂದರ ನಡುವಿನಿಂದ ಕುದುರೆ ಸವಾರರು ಮೂಡಿಬರುವ ದೃಶ್ಯವು ಅಮೆರಿಕದ ‘ಬೊನಾಂಜಾ’ ಧಾರಾವಾಹಿಯ ಗುರುತಾಗಿತ್ತು. 1959ರ ಸೆಪ್ಟೆಂಬರಿನಿಂದ 1973ರ ಜನವರಿಯವರೆಗೆ, 430ಕ್ಕೂ ಹೆಚ್ಚು ಕಂತುಗಳಲ್ಲಿ ಎನ್‌ಬಿಸಿ ವಾಹಿನಿಯಲ್ಲಿ ಅದು ಪ್ರಸಾರವಾಯಿತು. ನೆವಾಡಾ ಸೀಮೆಯ ಟಾಹೋ ಸರೋವರದ ಬಳಿ ‘ಪಾಂಡೆರೋಸಾ’ ಎಂಬ ವಿಶಾಲವಾದ ದನಗಾವಲು. ಅದರ ಒಡೆಯ ಬೆನ್ ಕಾರ್ಟ್‌ರೈಟ್. ಮೂವರು ತಾಯಂದಿರಿಗೆ ಹುಟ್ಟಿದ ಅವನ ಮೂವರು ಗಂಡುಮಕ್ಕಳು. ದನ, ಕುದುರೆ, ಬಂದೂಕು, ನ್ಯಾಯ ಇವಿಷ್ಟನ್ನು ಇಟ್ಟುಕೊಂಡು ಹದಿಮೂರು ವರ್ಷಕ್ಕೂ ಹೆಚ್ಚು ಕಾಲ ಒಂದು ರಾಷ್ಟ್ರವನ್ನು ರಾತ್ರಿ ಮನೆಯೊಳಗೆ ಕೂಡಿಸಿದ್ದು ಸಣ್ಣ ಸಾಧನೆಯೇನಲ್ಲ. ದನಗಾಹಿಯ ಬದುಕು ಕಥನಕ್ಕೆ ಯೋಗ್ಯವಾದ ವಸ್ತುವೆಂದು ಆ ಸಮಾಜವು ನಂಬಿತ್ತು. ಆ ನಂಬಿಕೆಯು ಗೌರವಕ್ಕೆ ಅರ್ಹವಾದುದು.

ಆದರೆ ಆ ಕಥನವು ನಿಂತಿರುವ ನೆಲ ಯಾರದು ಎಂಬ ಪ್ರಶ್ನೆ ಉಳಿದೇ ಇದೆ. ಟಾಹೋ ಎಂಬ ಹೆಸರೇ ಅಲ್ಲಿನ ಮೂಲನಿವಾಸಿಗಳಾದ ವಾಶೋ ಜನರ ಭಾಷೆಯಲ್ಲಿ ಸರೋವರ ಎಂಬರ್ಥದ ಮಾತಿನಿಂದ ಬಂದುದು. ಹೆಸರು ಉಳಿಯಿತು, ಹೆಸರಿಟ್ಟವರು ಅಂಚಿಗೆ ಸರಿದರು. ಕಾರ್ಟ್‌ರೈಟ್ ಮನೆಯ ಚೀನೀ ಅಡುಗೆಯವನಾದ ಹಾಪ್ ಸಿಂಗನ ಪಾತ್ರವನ್ನೂ ಇಲ್ಲಿ ನೆನೆಯಬೇಕು. ಚೀನೀಯರ ಮೇಲಿನ ದ್ವೇಷವನ್ನು ಖಂಡಿಸಿದ ಕಂತುಗಳು ಈ ಧಾರಾವಾಹಿಯಲ್ಲಿ ಉಂಟು. ಅದರ ಸಜ್ಜನಿಕೆಯನ್ನು ಅಲ್ಲಗಳೆಯಲಾಗದು. ಹಾಗಿದ್ದೂ ಸ್ಯಾನ್ ಫ್ರಾನ್ಸಿಸ್ಕೊದಲ್ಲಿಯೇ ಹುಟ್ಟಿ ಬೆಳೆದ ನಟ ವಿಕ್ಟರ್ ಸೆನ್ ಯಂಗ್ ತೆರೆಯ ಮೇಲೆ ಮುರುಕು ಇಂಗ್ಲಿಷ್ ಆಡಿ ನಗಿಸಬೇಕಾಯಿತು. ಎರಡು ಭಾಷೆಗಳ ನಡುವೆ ನಿಂತವನು ಅಲ್ಲಿ ಹಾಸ್ಯದ ಸರಕು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವ ಜಯಸಿಂಗಪುರದ ಸುತ್ತಲಿನ ವಿದ್ಯಾರ್ಥಿಗೆ ಈ ನಗುವಿನ ಮೊನೆ ಎಲ್ಲಿ ನಾಟುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅಮೆರಿಕದ ಈ ಕಥನಮಾದರಿಯು ಭಾರತಕ್ಕೂ ಬಂದಿತು. 1975ರಲ್ಲಿ ತೆರೆಕಂಡ ‘ಶೋಲೆ’ಯ ಕುದುರೆಗಳು ಓಡಿದ್ದು ಕರ್ನಾಟಕದ ರಾಮನಗರದ ಬಂಡೆಗಳ ನಡುವೆ. ಪರದೇಶದ ದನಗಾಹಿಯ ಉಡುಪು, ನಡೆ, ಬಂದೂಕುಗಳನ್ನು ಆ ಬಂಡೆಗಳು ಕಂಡವು. ಆದರೆ ಅಂಥದೇ ಬಂಡೆಗಳಲ್ಲಿ ಸಾವಿರ ವರ್ಷಗಳ ಹಿಂದೆಯೇ ಕೆತ್ತಿಟ್ಟ ದನಗಾಹಿಗಳ ಕಥೆಯನ್ನು ಅದೇ ಉತ್ಸಾಹದಿಂದ ಹುಡುಕಿದವರು ವಿರಳ.

ಆ ಕಥೆಯ ಹೆಸರು ತುರುಗೋಳು. ಹಗೆಗಳು ಊರಿನ ದನಗಳನ್ನು ಹೊಡೆದುಕೊಂಡು ಹೋದಾಗ ಬೆನ್ನಟ್ಟಿ ಕಾದಿ, ತುರುಗಳನ್ನು ಮರಳಿಸಿ ಮಡಿದವನಿಗೆ ಊರು ಕಲ್ಲು ನಿಲ್ಲಿಸುತ್ತಿತ್ತು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ ಮತ್ತು ದನಗಳು, ನಡುವೆ ವೀರನನ್ನು ಒಯ್ಯುವ ದೇವಕನ್ಯೆಯರು, ಮೇಲೆ ಶಿವಸಾನ್ನಿಧ್ಯ, ತುದಿಯಲ್ಲಿ ಸೂರ್ಯಚಂದ್ರರು: ಮೂರು ಪಟ್ಟಿಕೆಗಳಲ್ಲಿ ಒಂದು ಜೀವನಚರಿತ್ರೆ. 941ರಲ್ಲಿ ಪಂಪನು ಭಾರತವನ್ನು ಕನ್ನಡಿಸಿದಾಗ ವಿರಾಟನ ಗೋಗ್ರಹಣವು ಓದುಗರಿಗೆ ದೂರದ ಪುರಾಣವಾಗಿರಲಿಲ್ಲ. ಊರ ಬಾಗಿಲಲ್ಲಿ ನಿಂತ ಕಲ್ಲಿನ ಕಥೆಯೇ ಆಗಿತ್ತು. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ವನ್ನು ಓದಿದವರಿಗೆ ಈ ಲೋಕದ ವಿಸ್ತಾರ ತಿಳಿದಿದೆ.

ಪಾಂಡೆರೋಸಾದ ನಾಯಕನು ತನ್ನ ಬೇಲಿಯೊಳಗಿನ ಆಸ್ತಿಯನ್ನು ಕಾಯುತ್ತಾನೆ, ಕಾದು ಗೆಲ್ಲುತ್ತಾನೆ, ಮುಂದಿನ ವಾರ ಮತ್ತೆ ಬರುತ್ತಾನೆ. ತುರುಗೋಳಿನ ವೀರನು ಊರ ದನಗಳಿಗಾಗಿ ಹೋಗುತ್ತಾನೆ, ಮರಳಿ ಬರುವುದಿಲ್ಲ. ಇಷ್ಟರಿಂದಲೇ ಹಳೆಯ ಕಾಲವನ್ನು ಹೊಗಳಿ ಕೂರುವುದು ತಪ್ಪಾದೀತು. ದನ ಹೊಡೆದವರೂ ಹಲವು ವೇಳೆ ನೆರೆಸೀಮೆಯವರೇ, ಕನ್ನಡ ಆಡುವವರೇ. ಸಾವನ್ನು ವೈಭವೀಕರಿಸಿದ ಕಲ್ಲುಗಳ ಪಕ್ಕದಲ್ಲಿಯೇ ಮಾಸ್ತಿಕಲ್ಲುಗಳೂ ನಿಂತಿವೆ. ಆದರೂ ಅರಮನೆಯ ಹಂಗಿಲ್ಲದ ಸಾಮಾನ್ಯನೊಬ್ಬನ ಹೆಸರನ್ನು ಕಲ್ಲಿನಲ್ಲಿ ಉಳಿಸಬೇಕೆಂದು ಊರೊಂದಕ್ಕೆ ಅನಿಸಿತಲ್ಲ, ಅದು ದೊಡ್ಡದು.

ಗಡಿಭಾಗಕ್ಕೆ ಈ ವಿಷಯವು ಇನ್ನೂ ಹತ್ತಿರದ್ದು. ಮರಾಠಿಯ ‘ವೀರಗಳ’ ಎಂಬ ಮಾತು ಕನ್ನಡದ ವೀರಗಲ್ಲಿನಿಂದಲೇ ಹೋದುದು. ಕನ್ನಡದ ಬೀರಪ್ಪ ಮರಾಠಿಯ ಬಿರೋಬಾ. ಕನ್ನಡದ ಡೊಳ್ಳಿನ ಪದಕ್ಕೆ ಧನಗರರ ಓವಿ ಒಡಹುಟ್ಟು. ಇಚಲಕರಂಜಿಯ ಬಳಿಯ ಪಟ್ಟಣಕೊಡೋಲಿಯಲ್ಲಿ ವಿಠ್ಠಲ-ಬಿರದೇವರ ಜಾತ್ರೆಗೆ ಭಂಡಾರ ಹಾರಿಸುವ ಕೈಗಳು ಎರಡೂ ರಾಜ್ಯಗಳವು. ಖಿಲಾರಿ ಎತ್ತು ಸಾಂಗಲಿ, ಸೊಲ್ಲಾಪುರಗಳದ್ದೂ ಹೌದು, ವಿಜಯಪುರ, ಬೆಳಗಾವಿಗಳದ್ದೂ ಹೌದು. ಜರ್ಮನ್ ವಿದ್ವಾಂಸ ಗುಂಟರ್ ಸೊಂಥೈಮರ್ ಧನಗರರ ಜೊತೆ ಅಲೆದು ಪಶುಪಾಲಕರ ದೈವಗಳನ್ನು ಕುರಿತು ಬರೆದರು. ಸ್ಮಾರಕಶಿಲೆಗಳ ಬಗೆಗೆ ಷ. ಶೆಟ್ಟರ್ ಅವರೊಡನೆ ಸಂಪಾದಿಸಿದ ಗ್ರಂಥವು 1982ರಲ್ಲಿ ಧಾರವಾಡದಿಂದ ಹೊರಬಂದಿತು. ರಾ. ಚಿಂ. ಢೇರೆಯವರು ವಿಠ್ಠಲನ ಮೂಲವನ್ನು ಅರಸುತ್ತ ಗೊಲ್ಲ-ಧನಗರರ ಲೋಕಕ್ಕೂ ಕನ್ನಡಕ್ಕೂ ಬಂದು ತಲುಪಿದರು. ಒಂದೇ ಭಾಷೆಯನ್ನು ಹಿಡಿದು ಹೊರಟವನಿಗೆ ಈ ದಾರಿಯು ಅರ್ಧಕ್ಕೇ ನಿಲ್ಲುತ್ತದೆ. ಪಾಂಡೆರೋಸಾದಲ್ಲಿ ನಗೆಪಾಟಲಾದ ಇಬ್ಭಾಷಿಕತೆಯೇ ಇಲ್ಲಿ ಕೀಲಿಕೈ.

ಆ ಕೀಲಿಕೈಗೆ ತುಕ್ಕು ಹಿಡಿಯುತ್ತಿದೆ. ಜಯಸಿಂಗಪುರವು ಶಾಹೂ ಮಹಾರಾಜರು ತಮ್ಮ ಜನ್ಮದಾತರಾದ ಜಯಸಿಂಗರಾವ್ ಘಾಟಗೆಯವರ ಹೆಸರಿನಲ್ಲಿ ಕಟ್ಟಿಸಿದ ಹೊಸ ಪೇಟೆ. ಹಳೆಯ ಕಲ್ಲುಗಳನ್ನು ಸುತ್ತಲಿನ ಹಳ್ಳಿಗಳಲ್ಲಿ ಅರಸಬೇಕು. ಕೃಷ್ಣೆ-ಪಂಚಗಂಗೆಯರ ಬಯಲನ್ನು ಕಬ್ಬು ತುಂಬಿಕೊಂಡಿದೆ, ಗಾಯರಾನುಗಳು ಕಿರಿದಾಗಿವೆ. ಗೊಬ್ಬರಕ್ಕಾಗಿ ಕುರಿಹಿಂಡನ್ನು ಹೊಲದಲ್ಲಿ ರಾತ್ರಿ ತಂಗಿಸಿ, ಕುರುಬನಿಗೆ ಕಾಳು ಅಳೆದುಕೊಡುವ ರೈತರು ಕಡಿಮೆಯಾಗುತ್ತಿದ್ದಾರೆ. ಹಿಂಡು ತಂಗದ ಊರಿನಲ್ಲಿ ಹಾಡೂ ತಂಗದು. ಬೆಂಕಿಗೆ ಸುಡುವ ಕಾಗದದ ನಕ್ಷೆಯಷ್ಟು ಬೇಗ ಕಲ್ಲು ಅಳಿಯದೆಂಬುದು ನಿಜ. ಆದರೆ ಬಟ್ಟೆ ಒಗೆಯುವ ಚಪ್ಪಡಿಯಾಗಿ, ಬದುವಿನ ಆಸರೆಯಾಗಿ ಅದು ಮೌನಕ್ಕೆ ಸರಿಯಬಲ್ಲುದು.

ಇದನ್ನು ತಡೆಯಲು ದೊಡ್ಡ ಅನುದಾನವೇನೂ ಬೇಕಾಗಿಲ್ಲ. ಪದವಿ ತರಗತಿಯ ಪ್ರತಿಯೊಬ್ಬ ವಿದ್ಯಾರ್ಥಿಯು ತನ್ನೂರಿನ ಒಂದು ವೀರಗಲ್ಲನ್ನು ಅಳೆದು, ಚಿತ್ರ ತೆಗೆದು, ಅದು ನಿಂತ ಜಾಗವನ್ನು ಬರೆದಿಡಲಿ. ಒಬ್ಬ ಹಿರಿಯ ಕುರುಬನ ಬಾಯಿಂದ ಒಂದು ಪದವನ್ನಾಗಲಿ ಓವಿಯನ್ನಾಗಲಿ ಧ್ವನಿಮುದ್ರಿಸಲಿ. ಕನ್ನಡ, ಮರಾಠಿ ವಿಭಾಗಗಳು ಅದನ್ನು ಒಂದೇ ದಾಖಲೆ ಪುಸ್ತಕದಲ್ಲಿ ಸೇರಿಸಲಿ. ಅಂಕಗಳಿಗಾಗಿ ಆರಂಭವಾದರೂ ಅಡ್ಡಿಯಿಲ್ಲ. ಕಾರ್ಟ್‌ರೈಟ್ ಎಂಬ ಕಲ್ಪಿತ ಮನೆತನದ ಮಕ್ಕಳ ಹೆಸರನ್ನು ಜಗತ್ತು ಇಂದಿಗೂ ಬಲ್ಲುದು. ನಿಜವಾಗಿ ಬದುಕಿ, ದನಗಳನ್ನು ಮನೆಗೆ ಮರಳಿಸಿ ಸತ್ತವನ ಹೆಸರನ್ನು ಅವನ ಊರಾದರೂ ಒಮ್ಮೆ ಓದಬೇಡವೇ?