ಪೈರಿಗೆ ಪರಿಹಾರ, ಒಡ್ಡಿಗೆ ಟೆಂಡರು!

ನೆರೆ ಇಳಿದ ಮೇಲೆ ಉತ್ತರ ಕನ್ನಡದ ಕರಾವಳಿಯಲ್ಲಿ ಏನೇನು ನಡೆಯುತ್ತದೆ ಎಂಬುದು ಈಗ ಶಾಲೆ ಮಕ್ಕಳಿಗೂ ಬಾಯಿಪಾಠ. ಮಂತ್ರಿಗಳ ಕಾರು ಬರುತ್ತದೆ, ಹಿಂದೆ ಅಧಿಕಾರಿಗಳ ಸಾಲು. ಗಂಜಿ ಕೇಂದ್ರದಲ್ಲಿ ನಾಲ್ಕು ಮಾತು, ಎರಡು ಫೋಟೋ. (ಗಂಜಿ ಕೇಂದ್ರಕ್ಕೆ ಈಗ ‘ಕಾಳಜಿ ಕೇಂದ್ರ’ ಎಂದು ಹೆಸರು. ಗಂಜಿ ಮಾತ್ರ ಹಳೆಯದೇ.) ಆಮೇಲೆ ಸರ್ವೆ. ಆಮೇಲೆ ಪರಿಹಾರ. ರೈತನ ಬ್ಯಾಂಕ್ ಖಾತೆಗೆ ಹಣ ಬಿತ್ತೆಂದರೆ ಸರ್ಕಾರದ ಲೆಕ್ಕದಲ್ಲಿ ನೆರೆ ಮುಗಿಯಿತು.

ಗಜನಿ ರೈತನ ಲೆಕ್ಕದಲ್ಲಿ ಅದು ಅಲ್ಲಿಂದ ಸುರು.

2019ರ ಆಗಸ್ಟ್‌ನಲ್ಲಿ ಕಾಳಿ, ಗಂಗಾವಳಿ, ಅಘನಾಶಿನಿ ಒಟ್ಟಿಗೇ ದಡ ಮೀರಿದವು. 2021ರ ಜುಲೈ 23ರಂದು ಮತ್ತೆ ಅದೇ ಕತೆ. ಯಲ್ಲಾಪುರದ ಗುಳ್ಳಾಪುರ ಸೇತುವೆಯೇ ಕೊಚ್ಚಿ ಹೋಯಿತು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಬಿದ್ದು, ಗಂಗಾವಳಿಗೂ ಇಳಿದು, ಆಚೆ ದಡದ ಉಳುವರೆಯ ಮನೆಗಳಿಗೆ ನೀರು ಅಪ್ಪಳಿಸಿತು. ಸೇತುವೆ, ಹೆದ್ದಾರಿ, ಜೀವಹಾನಿ ಇವೆಲ್ಲ ಪತ್ರಿಕೆಗಳ ಮುಖಪುಟಕ್ಕೆ ಬಂದವು. ಬರಬೇಕಾದದ್ದೇ. ಆದರೆ ಹೊಳೆದಂಡೆಯ ಮಣ್ಣಿನ ಒಡ್ಡು ಮುಖಪುಟಕ್ಕೆ ಬರುವ ಸಾಮಾನಲ್ಲ. ಅದು ಒಡೆದರೆ ಸಪ್ಪಳವೂ ಆಗುವುದಿಲ್ಲ.

ಗಜನಿ ಎಂದರೇನು?

ಘಟ್ಟದ ಮೇಲಿನವರಿಗೆ ಗಜನಿ ಎಂದರೆ ತಟ್ಟನೆ ತಿಳಿಯದು. ಹೊಳೆ ಸಮುದ್ರ ಸೇರುವ ಅಳಿವೆಯ ಆಸುಪಾಸಿನ ತಗ್ಗು ಗದ್ದೆ ಅದು. ಕುಮಟಾ ತಾಲೂಕಿನ ಮಾಣಿಕಟ್ಟಾ, ಹೆಗಡೆ, ಮಿರ್ಜಾನ, ಕಾಗಾಲದ ಕಡೆ ಹೋದರೆ ಅಘನಾಶಿನಿಯ ಎರಡೂ ದಂಡೆಗೆ ಇಂಥ ಗದ್ದೆಗಳನ್ನು ನೋಡಬಹುದು. ಭರತದ ಉಪ್ಪುನೀರು ದಿನಕ್ಕೆ ಎರಡು ಸಲ ಏರುವ ಜಾಗ. ಗದ್ದೆಗೂ ಹೊಳೆಗೂ ನಡುವೆ ಒಂದು ಒಡ್ಡು. ಒಡ್ಡಿನಲ್ಲಿ ನೀರು ಬಿಡುವುದಕ್ಕೂ ತಡೆಯುವುದಕ್ಕೂ ಹಲಗೆಯ ಬಾಗಿಲು, ಊರವರ ಬಾಯಲ್ಲಿ ಜಂತ್ರಡಿ.

ಮಳೆ ಹಿಡಿದ ಮೇಲೆ ಉಪ್ಪು ತೊಳೆದು ಹೋಗುತ್ತದೆ. ಮೊಳಕೆ ಬರಿಸಿದ ಕಗ್ಗ ಭತ್ತವನ್ನು ಬಿತ್ತುತ್ತಾರೆ. ಗೊಬ್ಬರ ಬೇಡ, ಔಷಧ ಬೇಡ. ಕಗ್ಗ ಉಪ್ಪು ತಡೆಯುತ್ತದೆ. ಕೆಲವು ದಿನ ನೀರಿನಡಿ ಇದ್ದರೂ ಕೊಳೆಯದೆ ತಲೆ ಎತ್ತುತ್ತದೆ. ಮಳೆಗಾಲ ಮುಗಿದು ಕೊಯ್ಲಾದ ಮೇಲೆ ಜಂತ್ರಡಿ ತೆಗೆದರೆ ಉಪ್ಪುನೀರಿನ ಜೊತೆ ಮೀನು, ಸಿಗಡಿ ಒಳಗೆ ಬರುತ್ತವೆ. ಬೇಸಿಗೆಯವರೆಗೆ ಅದೇ ಬೆಳೆ. ಮೇ ತಿಂಗಳಲ್ಲಿ ನೀರು ಹೊರಗೆ ಬಿಟ್ಟು, ಗದ್ದೆ ಒಣಗಿಸಿ, ಮತ್ತೆ ಮಳೆಗೆ ಕಾಯುವುದು. ಆರು ತಿಂಗಳು ಅನ್ನ, ಆರು ತಿಂಗಳು ಮೀನು. ಹಿರಿಯರು ಇಂಜಿನಿಯರಿಂಗ್ ಕಾಲೇಜಿಗೆ ಹೋಗದೆ ಕಟ್ಟಿದ ಏರ್ಪಾಡು ಇದು.

ಇಷ್ಟೂ ನಿಂತಿರುವುದು ಒಡ್ಡಿನ ಮೇಲೆ. ಒಬ್ಬ ರೈತನ ಗದ್ದೆಯ ಎದುರು ಹತ್ತು ಮಾರು ಒಡ್ಡು ಹೋದರೆ ಅವನೊಬ್ಬನ ಗದ್ದೆ ಹೋಗುವುದಲ್ಲ, ಇಡೀ ಗಜನಿಯೇ ಹೊಳೆಯ ಪಾಲು. ಹಿಂದಿನ ತೆಂಗಿನ ತೋಟಕ್ಕೂ ಕುಡಿಯುವ ನೀರಿನ ಬಾವಿಗೂ ಉಪ್ಪು ಇಳಿಯುತ್ತದೆ.

ಮೂರು ಇಂಚಿನ ಮರಳು, ಲೆಕ್ಕವಿಲ್ಲದ ಉಪ್ಪು

ಈಗ ಸರ್ಕಾರದ ಲೆಕ್ಕ ನೋಡಿ. ವಿಪತ್ತು ಪರಿಹಾರ ನಿಧಿಗೆ ಕೇಂದ್ರ ಹಾಕಿಕೊಟ್ಟ 2022–26ರ ಮಾನದಂಡದಲ್ಲಿ ಮಳೆಯಾಶ್ರಿತ ಬೆಳೆ ಶೇ. 33ಕ್ಕಿಂತ ಹೆಚ್ಚು ಹೋದರೆ ಹೆಕ್ಟೇರಿಗೆ 8,500 ರೂಪಾಯಿ. ಅದಕ್ಕೂ ಮೊದಲು ಅದು 6,800 ಇತ್ತು. 2021ರ ಕೊನೆಗೆ ರಾಜ್ಯ ಸರ್ಕಾರ ತನ್ನ ಕೈಯಿಂದ ಅಷ್ಟೇ ಸೇರಿಸಿ 13,600 ಕೊಟ್ಟಿತು. ಒಳ್ಳೆಯ ಕೆಲಸವೇ. ಆದರೆ ಅರ್ಧ ಎಕರೆ ಗಜನಿ ಇದ್ದವನಿಗೆ ಆ 13,600ರ ಲೆಕ್ಕದಲ್ಲೂ ಬರುವುದು 2,750 ರೂಪಾಯಿ ಆಸುಪಾಸು. ಅದರಲ್ಲಿ ಮನೆಗೆ ಅಕ್ಕಿ ತರಬಹುದು. ಒಡ್ಡು ಕಟ್ಟಲಾದೀತೇ?

ಗದ್ದೆಯಲ್ಲಿ ಮೂರು ಇಂಚಿಗಿಂತ ದಪ್ಪ ಮರಳು, ಹೂಳು ಕೂತರೆ ತೆಗೆಯಲು ಅದೇ ಮಾನದಂಡದಲ್ಲಿ ಹೆಕ್ಟೇರಿಗೆ 18,000 ಇತ್ತು. ಹೊಳೆ ದಿಕ್ಕು ಬದಲಿಸಿ ಭೂಮಿಯೇ ಹೋದರೆ 47,000. ಉಪ್ಪು ಕೂತರೆ? ಅದಕ್ಕೆ ಕಾಲಮ್ಮೇ ಇಲ್ಲ. ಮರಳಿಗೆ ದಪ್ಪ ಉಂಟು, ಅಳೆಯಲು ಬರುತ್ತದೆ. ಉಪ್ಪು ಕಣ್ಣಿಗೆ ಕಾಣುವುದಿಲ್ಲ. ಕಣ್ಣಿಗೆ ಕಾಣದ್ದು ಪಂಚನಾಮೆಯಲ್ಲೂ ಕಾಣುವುದಿಲ್ಲ.

ಒಡ್ಡಿನ ರಿಪೇರಿಗೆ ಹಣವೇ ಇಲ್ಲವೆಂದಲ್ಲ. ಆದರೆ ಅದು ಬೇರೆ ತಲೆಬರಹದ ಹಣ, ಬೇರೆ ಇಲಾಖೆ, ಬೇರೆ ಕಡತ. ಬೆಳೆಗೆ ಕಂದಾಯ ಮತ್ತು ಕೃಷಿ ಇಲಾಖೆ, ಖಾರ್‌ಲ್ಯಾಂಡ್ ಒಡ್ಡಿಗೆ ಸಣ್ಣ ನೀರಾವರಿ. ಅಂದಾಜು ಪಟ್ಟಿ, ಮಂಜೂರಾತಿ, ಟೆಂಡರು, ಗುತ್ತಿಗೆದಾರ. ಇಲ್ಲಿಯೇ ಗ್ರಹಚಾರ ಇರುವುದು. ಆಗಸ್ಟ್‌ನಲ್ಲಿ ಒಡೆದ ಒಡ್ಡು ಮುಂದಿನ ಮೇ ಒಳಗೆ ನಿಲ್ಲಬೇಕು. ನಿಂತರೆ ಮಳೆನೀರು ಗದ್ದೆಯ ಉಪ್ಪು ತೊಳೆಯುತ್ತದೆ. ಈ ಕರಾವಳಿಗೆ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ. ಉಪ್ಪು ತೊಳೆಯಲು ಕೂಲಿ ಕೊಡಬೇಕಾಗಿಲ್ಲ. ಕಡತ ಮಾರ್ಚಿಗೆ ಎದ್ದು ಜೂನಿಗೆ ಜೆಸಿಬಿ ಬಂದರೆ ಆ ವರ್ಷವೂ ಹೋಯಿತು. ಟೆಂಡರು ತೆರೆಯುವ ತನಕ ಭರತದ ನೀರು ಹೊರಗೆ ಕಾದು ನಿಲ್ಲುತ್ತದೆಯೇ?

ಎರಡು ಬೆಳೆ ತಪ್ಪಿದರೆ ಕಣಜದಲ್ಲಿ ಕಗ್ಗದ ಬೀಜ ಇರುವುದಿಲ್ಲ. ಅದು ಸಂತೆಯಲ್ಲಿ ಸಿಗುವ ಬೀಜವೂ ಅಲ್ಲ. ಗಜನಿ ಹಾಗೇ ಪಾಳು ಬಿದ್ದರೆ ಕಾಂಡ್ಲ ಹುಟ್ಟುತ್ತದೆ. ಕಾಂಡ್ಲ ಒಳ್ಳೆಯದೇ. ಒಡ್ಡಿನ ಹೊರಗಿದ್ದರೆ ತೆರೆಯ ಹೊಡೆತ ತಡೆಯುತ್ತದೆ, ಮೀನಿನ ಮರಿಗೆ ಆಸರೆ. ಆದರೆ ಗದ್ದೆಯೊಳಗೆ ಬೆಳೆದು ನಿಂತಿತೆಂದರೆ ಕಡಿಯಲು ಕಾನೂನು ಬಿಡುವುದಿಲ್ಲ. ಪಹಣಿಯಲ್ಲಿ ಗದ್ದೆ, ನೆಲದ ಮೇಲೆ ಕಾಡು. ಇಲ್ಲವೇ ಸಿಗಡಿ ಕೃಷಿಯವರು ಗುತ್ತಿಗೆ ಕೇಳಿಕೊಂಡು ಬರುತ್ತಾರೆ. 1990ರ ದಶಕದಲ್ಲಿ ಹಾಗೇ ಆಯಿತು. ಬಿಳಿಚುಕ್ಕೆ ರೋಗ ಬಂದು ಸಿಗಡಿ ಸತ್ತಿತು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪೂ ಬಂತು. ಗದ್ದೆ ಮಾತ್ರ ಅತ್ತ ಕೆರೆಯೂ ಅಲ್ಲ, ಇತ್ತ ಗದ್ದೆಯೂ ಅಲ್ಲ.

ನಾಗಪಟ್ಟಿಣದ ಪಾಠ

ಇದೇನು ಮದ್ದಿಲ್ಲದ ರೋಗವಲ್ಲ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ತಮಿಳುನಾಡಿನ ನಾಗಪಟ್ಟಿಣ ಜಿಲ್ಲೆಯೊಂದರಲ್ಲೇ ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಸಮುದ್ರದ ಕೆಸರು ಗದ್ದೆಯ ಮೇಲೆ ಹರಡಿ ಕೂತಿತು. ಇನ್ನು ಎಷ್ಟೋ ವರ್ಷ ಹುಲ್ಲೂ ಹುಟ್ಟದು ಎಂದವರಿದ್ದರು. ರೈತರು ಕೈಕಟ್ಟಿ ಕೂರಲಿಲ್ಲ. ಕೆಸರು ಕೆರೆದು ತೆಗೆದರು, ಕಾಲುವೆ ತೋಡಿದರು, ಕೆರೆಗಳ ಹೂಳೆತ್ತಿದರು, ಡಯಂಚ ಬಿತ್ತಿ ಹಸಿರುಗೊಬ್ಬರವಾಗಿ ಉತ್ತರು. ಸಾವಯವ ಕೃಷಿಯ ನಮ್ಮಾಳ್ವಾರ್ ಅವರಂಥವರು ಜೊತೆಗೆ ನಿಂತರು. 2005ರ ಹಿಂಗಾರು ಮಳೆ ಉಪ್ಪು ತೊಳೆದುಕೊಂಡು ಹೋಯಿತು. ಮಳೆಗೆ ಮೊದಲು ಕೆಲಸ ಮುಗಿಸಿದ ಕಡೆ ಗದ್ದೆ ಬೇಗ ಹಸಿರಾಯಿತು. ಗುಟ್ಟು ಇಷ್ಟೇ: ಮಳೆಗಿಂತ ಮೊದಲು.

ನಾಗಪಟ್ಟಿಣದಿಂದ ಕಲಿಯಬೇಕಾದ ತಪ್ಪೂ ಒಂದಿದೆ. ದೋಣಿ ಕೊಡುವವರು ನಾ ಮುಂದು ತಾ ಮುಂದು ಎಂದು ಬಂದು, ಸುನಾಮಿಗೆ ಮೊದಲು ಇದ್ದದ್ದಕ್ಕಿಂತ ಹೆಚ್ಚು ದೋಣಿ ಕಡಲಿಗಿಳಿದವು. ಆದರೆ ಮೀನು ಹೊತ್ತು ಮಾರುವ ಹೆಂಗಸು, ಉಪ್ಪಾಗರದ ಕೂಲಿ, ಗದ್ದೆ ಕೆಲಸದ ದಲಿತ ಕುಟುಂಬ ಮೊದಮೊದಲ ಪಟ್ಟಿಗಳಲ್ಲಿ ಕಾಣಲಿಲ್ಲ. ಇದ್ದದ್ದು ಕಳಕೊಂಡವನಿಗೆ ಪರಿಹಾರ. ಏನೂ ಇಲ್ಲದೆ ದುಡಿದು ತಿನ್ನುವವನಿಗೆ ಅದೂ ಇಲ್ಲ.

ಅಘನಾಶಿನಿಯಲ್ಲೂ ಅದೇ ಹಾಡು. ಇಳಿತದ ಹೊತ್ತಿಗೆ ಹೊಳೆಗಿಳಿದು ಬಳಚು ಆರಿಸಿ ಸಂಸಾರ ನಡೆಸುವ ಹೆಂಗಸರೂ ಗಂಡಸರೂ ಎಷ್ಟಿಲ್ಲ? ನೆರೆಯ ಕೆಸರು ಬಳಚಿನ ಹಾಸಿನ ಮೇಲೆ ಕೂತರೆ ಅವರ ದುಡಿಮೆ ನಿಂತಿತು. ಮಾನದಂಡದಲ್ಲಿ ದೋಣಿ ಪೂರ್ತಿ ಹೋದರೆ 15,000, ಬಲೆ ಹೋದರೆ 4,000 ಎಂದಿತ್ತು. ಬುಟ್ಟಿ ಮತ್ತು ಎರಡು ಕೈ ಮಾತ್ರ ಇದ್ದವರು ಯಾವ ಸಾಲಿನಲ್ಲಿ ಹೆಸರು ಬರೆಸಬೇಕು? 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಗೆ ರಾಮ್ಸಾರ್ ಪಟ್ಟ ಸಿಕ್ಕಿತು, ಜಗತ್ತಿನ ನಕ್ಷೆಯಲ್ಲಿ ಹೆಸರು ಬಂತು. ತಾಲೂಕು ಕಚೇರಿಯ ಪಟ್ಟಿಯಲ್ಲಿ ಬಳಚಿನವರ ಹೆಸರೂ ಬರಲಿ.

ಒಡ್ಡು ಯಾರದ್ದು?

ಮೊದಲು ಒಡ್ಡು ಊರಿನದ್ದಾಗಿತ್ತು. ಗಜನಿಯ ರೈತರೇ ಸೇರಿ ವರ್ಷಾ ವರ್ಷ ಮಣ್ಣು ಹಾಕುತ್ತಿದ್ದರು, ಮೀನಿನ ಹರಾಜಿನ ದುಡ್ಡು ಅದಕ್ಕೆ ಹೋಗುತ್ತಿತ್ತು. 1970ರ ದಶಕದಲ್ಲಿ ಸರ್ಕಾರ ಖಾಯಂ ಒಡ್ಡು ಕಟ್ಟಿಸಿತು. ಉದ್ದೇಶ ಒಳ್ಳೆಯದು. ಆದರೆ ಅಂದಿನಿಂದ ಒಡ್ಡು ಸರ್ಕಾರದ್ದಾಯಿತು, ಊರಿನವರು ಅರ್ಜಿ ಕೊಡುವವರಾದರು. ಸಣ್ಣ ಬಿರುಕಿಗೆ ನಾಲ್ಕು ಬುಟ್ಟಿ ಮಣ್ಣು ಹಾಕುವ ಬದಲು ‘ಇಲಾಖೆಯವರು ಬರಲಿ’ ಎಂದು ಕಾಯುವ ಅಭ್ಯಾಸ ಬಿತ್ತು. ಇಲಾಖೆಯವರು ಬರುವ ಹೊತ್ತಿಗೆ ಬಿರುಕು ಕೊಡಿಯಾಗಿರುತ್ತದೆ. ಇದರಲ್ಲಿ ರೈತರ ತಪ್ಪೂ ಉಂಟು, ಮುಚ್ಚಿಡುವುದೇಕೆ? ಎಷ್ಟೋ ಮನೆಯ ಹುಡುಗರು ಗೋವಾಕ್ಕೋ ಬೆಂಗಳೂರಿಗೋ ಹೋದರು. ಮಣ್ಣು ಹೊರುವ ಕೈಗಳೇ ಕಡಿಮೆ.

ಆದ್ದರಿಂದ ಮಾಡಬೇಕಾದದ್ದು ದೊಡ್ಡ ಯೋಜನೆಯಲ್ಲ. ನೆರೆ ಇಳಿದ ತಿಂಗಳೊಳಗೆ ಸರ್ವೆ ನಂಬರಿನ ಲೆಕ್ಕ ಬಿಟ್ಟು ಗಜನಿಗೊಂದು ಸರ್ವೆ ಆಗಲಿ. ಕಂದಾಯ, ಕೃಷಿ, ಸಣ್ಣ ನೀರಾವರಿ ಮೂರೂ ಒಂದೇ ದಿನ ಹೋಗಲಿ. ದೊಡ್ಡ ಕೊಡಿ ಕಟ್ಟುವುದು ಇಲಾಖೆಯ ಕೆಲಸವಾಗಲಿ, ಸಣ್ಣ ರಿಪೇರಿಯ ಹಣವೂ ಜಂತ್ರಡಿಯ ಉಸ್ತುವಾರಿಯೂ ಗಜನಿ ಸಮಿತಿಯ ಕೈಗೆ ಹೋಗಲಿ, ಲೆಕ್ಕ ಗ್ರಾಮಸಭೆಯಲ್ಲಿ ಓದಲಿ. ಕಗ್ಗದ ಬೀಜವನ್ನು ಕೃಷಿ ಇಲಾಖೆ ಖರೀದಿಸಿ ಮುಂದಿನ ಬಿತ್ತನೆಗೆ ದಾಸ್ತಾನು ಇಡಲಿ. ಬಳಚಿನವರ ಪಟ್ಟಿ ನೆರೆ ಬರುವ ಮೊದಲೇ ತಯಾರಾಗಲಿ. ಉಪ್ಪಾದ ಬಾವಿಯ ಮನೆಗಳಿಗೆ ಟ್ಯಾಂಕರು ಒಂದು ವಾರ ಬಂದು ನಿಲ್ಲದೆ, ಬಾವಿ ಸಿಹಿಯಾಗುವ ತನಕ ಬರಲಿ.

ಚುನಾವಣೆಗೆ ಮೊದಲು ಗಜನಿ ಒಡ್ಡಿನ ಮೇಲೆ ನಡೆದು ಮತ ಕೇಳಿದವರಿದ್ದಾರೆ. ಮುಂದಿನ ಸಲ ನೆರೆ ಇಳಿದಾಗ ಅವರು ಪರಿಹಾರದ ಮೊತ್ತ ಹೇಳುವುದು ಬೇಡ. ಒಡ್ಡು ಯಾವ ತಾರೀಕಿಗೆ ಮುಗಿಯುತ್ತದೆ ಎಂದು ಹೇಳಲಿ. ತಾರೀಕು ಮೇ 31ರ ಈಚೆಗಿದ್ದರೆ ರೈತ ನಂಬಿಯಾನು.