ಚೀಟಿಯಲ್ಲಿರುವುದೆಲ್ಲ ಚಿಕಿತ್ಸೆಯಲ್ಲ

ಸವೆದುಹೋದ ಸೊಂಟದ ಕೀಲನ್ನು ತೆಗೆದು ಕೃತಕ ಕೀಲು ಜೋಡಿಸುವ ಶಸ್ತ್ರಚಿಕಿತ್ಸೆಯು ವೈದ್ಯವಿಜ್ಞಾನದ ದೊಡ್ಡ ಕೊಡುಗೆಗಳಲ್ಲೊಂದು ಎಂಬುದರಲ್ಲಿ ಎರಡು ಮಾತಿಲ್ಲ. 1962ರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಚಾರ್ನ್‌ಲಿ ಅದಕ್ಕೊಂದು ಭರವಸೆಯ ರೂಪ ಕೊಟ್ಟ ಬಳಿಕ, ಮೂಲೆ ಸೇರಬೇಕಿದ್ದ ಲಕ್ಷಾಂತರ ಮಂದಿ ಎದ್ದು ನಡೆದಿದ್ದಾರೆ. ಆದ್ದರಿಂದ ನಮ್ಮ ತಕರಾರು ಶಸ್ತ್ರಚಿಕಿತ್ಸೆಯ ಬಗ್ಗೆ ಅಲ್ಲ. ಅದಕ್ಕೆ ಮುನ್ನ ರೋಗಿಯ ಕೈಗೆ ಬರುವ ಪರೀಕ್ಷೆಗಳ ಉದ್ದನೆಯ ಚೀಟಿಯ ಬಗ್ಗೆ.

ಕೆಲವು ಪರೀಕ್ಷೆಗಳು ಬೇಕೇ ಬೇಕು. ಈ ಶಸ್ತ್ರಚಿಕಿತ್ಸೆಯಲ್ಲಿ ಸಾಕಷ್ಟು ರಕ್ತ ನಷ್ಟವಾಗುವುದರಿಂದ ಹಿಮೋಗ್ಲೋಬಿನ್ ಮತ್ತು ರಕ್ತದ ಗುಂಪನ್ನು ನೋಡಲೇಬೇಕು. ರಕ್ತಹೀನತೆ ಇದ್ದರೆ ಮೊದಲು ಅದನ್ನು ಸರಿಪಡಿಸಬೇಕು. ಮಧುಮೇಹಿಗಳ ಮೂರು ತಿಂಗಳ ಸಕ್ಕರೆಯ ಮಟ್ಟ, ಇತರ ಕಾಯಿಲೆ ಇರುವವರ ಕಿಡ್ನಿಯ ಸ್ಥಿತಿ, ವಯಸ್ಸಾದವರ ಇಸಿಜಿ ಇವೆಲ್ಲ ಅಗತ್ಯವೇ. ಚರ್ಮದಲ್ಲಿ ಹುಣ್ಣು, ಹಲ್ಲಿನಲ್ಲಿ ಕೀವು ಇದ್ದರೆ ಅದನ್ನೂ ಗಮನಿಸಬೇಕು. ಏಕೆಂದರೆ ಸೋಂಕು ಕೃತಕ ಕೀಲಿನ ಪರಮ ಶತ್ರು.

ಆದರೆ ಚೀಟಿ ಇಲ್ಲಿಗೇ ನಿಲ್ಲುವುದಿಲ್ಲ. ಕೆಮ್ಮಿಲ್ಲದವರಿಗೆ ಎದೆಯ ಎಕ್ಸ್‌ರೇ, ಹೃದಯದ ತೊಂದರೆಯ ಯಾವ ಲಕ್ಷಣವೂ ಇಲ್ಲದವರಿಗೆ ಎಕೋ, ರಕ್ತಸ್ರಾವದ ಇತಿಹಾಸವಿಲ್ಲದವರಿಗೆ ರಕ್ತ ಹೆಪ್ಪುಗಟ್ಟುವಿಕೆಯ ಪರೀಕ್ಷೆ ಹೀಗೆ ಅದು ಬೆಳೆಯುತ್ತದೆ. ಬ್ರಿಟನ್ನಿನ ಸರಕಾರಿ ಆರೋಗ್ಯ ವ್ಯವಸ್ಥೆಗೆ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆಯು 2016ರಲ್ಲಿ, ಕೀಲು ಬದಲಾವಣೆಯನ್ನು ದೊಡ್ಡ ಶಸ್ತ್ರಚಿಕಿತ್ಸೆಗಳ ಸಾಲಿನಲ್ಲಿಟ್ಟೂ, ಇಂಥ ಪರೀಕ್ಷೆಗಳನ್ನು ಎಲ್ಲರಿಗೂ ವಾಡಿಕೆಯಂತೆ ಮಾಡಬಾರದೆಂದು ಹೇಳಿತು. ಸವೆತವು ಸಾಮಾನ್ಯ ಎಕ್ಸ್‌ರೇಯಲ್ಲೇ ಸ್ಪಷ್ಟವಾಗಿ ಕಾಣುತ್ತಿದ್ದರೆ ಎಂಆರ್‌ಐಯ ಅಗತ್ಯವೂ ಸಾಮಾನ್ಯವಾಗಿ ಇರುವುದಿಲ್ಲ. ರಕ್ತಸಂಚಾರ ನಿಂತು ಮೂಳೆ ಸಾಯುವ ಕಾಯಿಲೆಯ ಆರಂಭದ ಹಂತದಲ್ಲಿ ಅದು ನೆರವಾಗುತ್ತದೆ, ನಿಜ. ಆದರೆ ಅಪವಾದವೇ ನಿಯಮವಾಗಬಾರದು.

'ಒಂದು ಟೆಸ್ಟ್ ಹೆಚ್ಚಾದರೆ ನಷ್ಟವೇನು?' ಎಂದು ಕೇಳುವವರಿದ್ದಾರೆ. ನಷ್ಟವಿದೆ, ಅದು ಹಣದ್ದು ಮಾತ್ರವಲ್ಲ. ಪ್ರಯೋಗಾಲಯದ ವರದಿಯಲ್ಲಿ 'ಸಾಮಾನ್ಯ' ಎಂದು ಅಚ್ಚಾಗುವ ಮಿತಿಯನ್ನು ಹೆಚ್ಚಾಗಿ ನಿಗದಿಪಡಿಸುವುದು ಆರೋಗ್ಯವಂತರಲ್ಲಿ ಶೇ. 95 ಮಂದಿ ಅದರೊಳಗೆ ಬರುವಂತೆ. ಅಂದರೆ ಉಳಿದ ಶೇ. 5 ಮಂದಿ ಯಾವ ಕಾಯಿಲೆಯೂ ಇಲ್ಲದೆ ಆ ಮಿತಿಯಾಚೆ ಬೀಳುತ್ತಾರೆ. ಪರಸ್ಪರ ಸಂಬಂಧವಿಲ್ಲದ ಇಂಥ 20 ಪರೀಕ್ಷೆಗಳನ್ನು ಆರೋಗ್ಯವಂತನೊಬ್ಬನಿಗೆ ಮಾಡಿದರೆ, ಒಂದಾದರೂ 'ಏರುಪೇರು' ಎಂದು ಬರುವ ಸಾಧ್ಯತೆ ಸುಮಾರು ಶೇ. 64. ಆ ಏರುಪೇರನ್ನು ಹಿಂಬಾಲಿಸಿ ಮತ್ತೊಂದು ಪರೀಕ್ಷೆ, ಅದರ ಬೆನ್ನಿಗೆ ಇನ್ನೊಬ್ಬ ತಜ್ಞ.

ಹೃದಯದ ವಿಚಾರದಲ್ಲಿ ಈ ಸರಪಳಿ ಇನ್ನೂ ಅಪಾಯಕಾರಿ. ಲಕ್ಷಣವಿಲ್ಲದವರಿಗೆ ಎಕೋ, ಅದರಿಂದ ಆಂಜಿಯೋಗ್ರಾಂ, ಅಲ್ಲಿಂದ ಸ್ಟೆಂಟ್. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳುವಾಗಿಸುವ ಎರಡು ಬಗೆಯ ಮಾತ್ರೆಗಳನ್ನು ತಿಂಗಳುಗಟ್ಟಲೆ ಸೇವಿಸಬೇಕಾಗುವುದರಿಂದ ಸೊಂಟದ ಶಸ್ತ್ರಚಿಕಿತ್ಸೆ ಮುಂದಕ್ಕೆ ಹೋಗುತ್ತದೆ. ನಡೆಯಲಿಕ್ಕೆಂದು ಆಸ್ಪತ್ರೆಗೆ ಹೋದವರು ಹೃದ್ರೋಗಿಯಾಗಿ, ಅದೇ ಊರುಗೋಲಿನೊಂದಿಗೆ ಮನೆಗೆ ಮರಳುತ್ತಾರೆ. ರಕ್ತನಾಳದ ದೊಡ್ಡ ಶಸ್ತ್ರಚಿಕಿತ್ಸೆಗೆ ಮುನ್ನ, ಸ್ಥಿರವಾದ ಹೃದ್ರೋಗವಿದ್ದವರಿಗೆ ಸ್ಟೆಂಟ್ ಅಥವಾ ಬೈಪಾಸ್ ಮಾಡಿಸುವುದರಿಂದ ಸಾವಿನ ಪ್ರಮಾಣ ತಗ್ಗಲಿಲ್ಲವೆಂದು ಅಮೇರಿಕದಲ್ಲಿ 2004ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿಕೊಟ್ಟಿತ್ತು.

ಮೂತ್ರದ ಪರೀಕ್ಷೆಯ ಕಥೆಯೂ ಹೀಗೆಯೇ. ಉರಿಯಿಲ್ಲ, ಜ್ವರವಿಲ್ಲ, ಆದರೂ ವರದಿಯಲ್ಲಿ ಬ್ಯಾಕ್ಟೀರಿಯ ಕಂಡಿತೆಂದು ಆ್ಯಂಟಿಬಯೋಟಿಕ್ ಕೊಡಲಾಗುತ್ತದೆ. ಮೂತ್ರನಾಳಕ್ಕೆ ಸಂಬಂಧಿಸದ ಶಸ್ತ್ರಚಿಕಿತ್ಸೆಗೆ ಮುನ್ನ ಲಕ್ಷಣವಿಲ್ಲದವರಲ್ಲಿ ಇಂಥ ಬ್ಯಾಕ್ಟೀರಿಯವನ್ನು ಹುಡುಕುವುದೂ ಬೇಡ, ಚಿಕಿತ್ಸೆ ಕೊಡುವುದೂ ಬೇಡವೆಂದು ಅಮೇರಿಕದ ಸೋಂಕುರೋಗ ತಜ್ಞರ ಸಂಘ 2019ರಲ್ಲಿ ಸಲಹೆ ನೀಡಿತು.

ಬಿದ್ದು ಸೊಂಟ ಮುರಿದುಕೊಂಡ ವೃದ್ಧರ ವಿಷಯದಲ್ಲಂತೂ ವಿಳಂಬವೇ ದೊಡ್ಡ ಅಪಾಯ. ದಾಖಲಾದ ದಿನ ಅಥವಾ ಮರುದಿನವೇ ಶಸ್ತ್ರಚಿಕಿತ್ಸೆ ಆಗಬೇಕೆಂಬುದು ನೈಸ್‌ನ 2011ರ ಮಾರ್ಗಸೂಚಿ. ಅನಗತ್ಯ ಎಕೋಗಾಗಿ ಕಾದು ಮಲಗಿದ ಪ್ರತಿ ದಿನವೂ ಅವರನ್ನು ನ್ಯುಮೋನಿಯ ಮತ್ತು ಬೆನ್ನುಹುಣ್ಣಿನ ಸಮೀಪಕ್ಕೆ ತಳ್ಳುತ್ತದೆ.

ಹೀಗೇಕಾಗುತ್ತಿದೆ? ಎಲ್ಲ ವೈದ್ಯರನ್ನೂ ಲಾಭಕೋರರೆಂದು ದೂರುವುದು ಅನ್ಯಾಯ. 1995ರಲ್ಲಿ ಸುಪ್ರೀಂ ಕೋರ್ಟ್ ವೈದ್ಯಕೀಯ ಸೇವೆಯನ್ನು ಗ್ರಾಹಕ ಕಾನೂನಿನ ವ್ಯಾಪ್ತಿಗೆ ತಂದ ಬಳಿಕ, 'ನಾಳೆ ಯಾರಾದರೂ ಕೇಳಿದರೆ' ಎಂಬ ಭಯದಿಂದ ಪರೀಕ್ಷೆ ಬರೆಯುವವರೂ ಇದ್ದಾರೆ. ರೋಗಿಯನ್ನು ಕಳುಹಿಸಿದ್ದಕ್ಕೆ ಕಮಿಷನ್ ಪಡೆಯುವುದನ್ನು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನೀತಿಸಂಹಿತೆ ಸ್ಪಷ್ಟವಾಗಿ ನಿಷೇಧಿಸಿದೆ. ಹಾಗಿದ್ದೂ ಈ ಪಿಡುಗು ತೊಲಗಿಲ್ಲ. ನಮ್ಮ ಪಾಲೂ ಇದರಲ್ಲಿದೆ. ಪರೀಕ್ಷೆ ಬರೆಯದ ವೈದ್ಯರನ್ನು 'ಸರಿಯಾಗಿ ನೋಡಲಿಲ್ಲ' ಎಂದು ಜರೆಯುವ ಸಮಾಜದಲ್ಲಿ ಚೀಟಿ ಉದ್ದವಾಗದೆ ಇನ್ನೇನಾದೀತು?

2017ರ ಆಗಸ್ಟ್‌ನಲ್ಲಿ ಕೇಂದ್ರ ಸರಕಾರ ಮೊಣಕಾಲಿನ ಕೃತಕ ಕೀಲುಗಳಿಗೆ ದರಮಿತಿ ವಿಧಿಸಿತು. ಆ ಆದೇಶದಲ್ಲಿ ಸೊಂಟದ ಕೀಲು ಸೇರಿರಲಿಲ್ಲ. ಅದೇ ವರ್ಷದ ನವೆಂಬರ್‌ನಲ್ಲಿ ಕರ್ನಾಟಕವು ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತರಲು ಹೊರಟಾಗ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ಕೊನೆಗೆ ಸಡಿಲಗೊಂಡ ರೂಪದಲ್ಲಿ ಅದು ಅಂಗೀಕಾರವಾಯಿತು. ರೋಗಿಗಳ ಹಕ್ಕುಗಳ ಸನ್ನದು ಅದರಲ್ಲಿದೆ. ಆದರೆ ಕೀಲಿಗೆ ದರ ಕಟ್ಟಿದರಷ್ಟೇ ಸಾಲದು. ಯಾವ ಶಸ್ತ್ರಚಿಕಿತ್ಸೆಗೆ ಯಾವ ಪರೀಕ್ಷೆ ಎಂಬ ಮಾನದಂಡವನ್ನು ರೋಗಿಗೆ ತಿಳಿಯುವ ಕನ್ನಡದಲ್ಲಿ ಪ್ರತಿ ಆಸ್ಪತ್ರೆಯಲ್ಲೂ ತೂಗುಹಾಕಿಸುವ ಹೊಣೆ ಸರಕಾರದ್ದು.

ಅಲ್ಲಿಯವರೆಗೆ ಕುಟುಂಬಗಳು ಸುಮ್ಮನಿರಬೇಕಾಗಿಲ್ಲ. ಪರೀಕ್ಷೆಗೆ ಒಪ್ಪಿದ ಮಾತ್ರಕ್ಕೆ ಚಿಕಿತ್ಸೆಗೂ ಒಪ್ಪಿದಂತಾಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2008ರಲ್ಲೇ ಹೇಳಿದೆ. ಆದ್ದರಿಂದ ಪ್ರತಿ ಹಂತದಲ್ಲೂ ಕೇಳುವ ಹಕ್ಕು ರೋಗಿಗಿದೆ. ಹಳೆಯ ವರದಿಗಳು, ಸೇವಿಸುತ್ತಿರುವ ಮಾತ್ರೆಗಳು, ಹಿಂದಿನ ಕಾಯಿಲೆಗಳು ಇವುಗಳ ವಿವರವನ್ನು ಮೊದಲ ಭೇಟಿಯಲ್ಲೇ ವೈದ್ಯರ ಮುಂದಿಡಿ. ಬಳಿಕ ಚೀಟಿಯ ಪ್ರತಿ ಸಾಲಿಗೂ ವಿನಯದಿಂದ ಒಂದೇ ಪ್ರಶ್ನೆ ಕೇಳಿ: 'ಡಾಕ್ಟ್ರೇ, ಇದರ ಫಲಿತಾಂಶ ಹೇಗೆ ಬಂದರೆ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ?'

ಉತ್ತರವಿದ್ದರೆ ಸಾಲ ಮಾಡಿಯಾದರೂ ಆ ಪರೀಕ್ಷೆ ಮಾಡಿಸಬೇಕು. ಏನೂ ಬದಲಾಗದು ಎಂದಾದರೆ, ಅದು ರೋಗಿಯ ಪಾಲಿಗೆ ಬರೇ ಖರ್ಚು. ತಾಯಿಯ ಬಳೆ ಮಾರಿ, ಊರಿನ ಸಂಘಸಂಸ್ಥೆಗಳ ಮುಂದೆ ಕೈಚಾಚಿ ಒಟ್ಟುಗೂಡಿಸಿದ ಹಣ ಆ ತಾಯಿ ಎದ್ದು ನಡೆಯುವುದಕ್ಕೆ ಬಳಕೆಯಾಗಬೇಕೇ ಹೊರತು ಅವರ ಫೈಲು ದಪ್ಪವಾಗುವುದಕ್ಕಲ್ಲ.