ಜೂನ್ 1ರ ಅಪ್ಪ, ಹೆಸರಿಡದ ಪ್ರಾಜೆಕ್ಟು

ಜೂನ್ 1 ಬಂತು ಅಂದ್ರೆ ನಮ್ಮ ಫ್ಯಾಮಿಲಿ ವಾಟ್ಸಾಪ್ ಗ್ರೂಪಿನಲ್ಲಿ ಗಲಾಟೆಯೋ ಗಲಾಟೆ. ಅಪ್ಪನಿಗೆ ಹ್ಯಾಪಿ ಬರ್ತ್‌ಡೇ, ದೊಡ್ಡಪ್ಪನಿಗೆ ಹ್ಯಾಪಿ ಬರ್ತ್‌ಡೇ, ಸೋದರಮಾವನಿಗೂ ಹ್ಯಾಪಿ ಬರ್ತ್‌ಡೇ. ಒಂದೇ ಕೇಕಿನ ಎಮೋಜಿ ಮೂವರಿಗೂ ಸಾಕು. ನಿಮ್ಮ ಮನೆಯಲ್ಲೂ ಆ ದಿನ ‘ಹುಟ್ಟಿದ’ ಹಿರಿಯರು ಒಬ್ಬರಾದರೂ ಇರ್ತಾರೆ, ಬೇಕಿದ್ರೆ ಆಧಾರ್ ಕಾರ್ಡ್ ತೆಗೆದು ನೋಡಿ.

ಅಪ್ಪನನ್ನು ಶಾಲೆಗೆ ಸೇರಿಸೋಕೆ ಕರ್ಕೊಂಡು ಹೋದಾಗ ಮೇಷ್ಟ್ರು ಹುಟ್ಟಿದ ತಾರೀಕು ಕೇಳಿದ್ರಂತೆ. ಅಜ್ಜಿ, “ದೀಪಾವಳಿ ಆದ್ಮೇಲೆ, ರಾಗಿ ಕೊಯ್ಲಿನ ಟೈಮಲ್ಲಿ ಹುಟ್ಟಿದ್ದು ಸ್ವಾಮಿ” ಅಂದಿದ್ದಾರೆ. ರಿಜಿಸ್ಟರಿನಲ್ಲಿ ರಾಗಿ ಕೊಯ್ಲಿಗೆ ಕಾಲಂ ಇರಲಿಲ್ಲ. ಮೇಷ್ಟ್ರು ಹುಡುಗನ ಬಲಗೈಯನ್ನು ತಲೆ ಮೇಲಿಂದ ತರಿಸಿ ಎಡಗಿವಿ ಮುಟ್ಟಿಸಿ ನೋಡಿದರು. ಮುಟ್ಟಿತು. ಆರು ವರ್ಷ ಆಗಿದೆ ಅಂತ ತೀರ್ಮಾನಿಸಿ 1-6-1964 ಅಂತ ಬರೆದರು. ಶಾಲೆ ಶುರುವಾಗೋದೇ ಜೂನ್‌ನಲ್ಲಿ, ಲೆಕ್ಕಕ್ಕೂ ಸುಲಭ.

ಸರ್ಕಾರಿ ಕೆಲಸದಲ್ಲಿದ್ದ ಅಪ್ಪ 2024ರ ಮೇ 31ಕ್ಕೆ ನಿವೃತ್ತರಾದರು. ಒಂದನೇ ತಾರೀಕು ಹುಟ್ಟಿದವರು ಹಿಂದಿನ ತಿಂಗಳ ಕೊನೆಯ ದಿನವೇ ಹಾರ ಹಾಕಿಸಿಕೊಂಡು ಮನೆಗೆ ಹೋಗಬೇಕು, ನಿಯಮ ಹಾಗಿದೆ. ಅಜ್ಜಿಯ ರಾಗಿ ಕೊಯ್ಲನ್ನು ಯಾರಾದರೂ ಬರೆದುಕೊಂಡಿದ್ದರೆ ಇನ್ನೂ ಐದಾರು ತಿಂಗಳು ಸಂಬಳ ಬರ್ತಿತ್ತು. “ಮೇಷ್ಟ್ರ ತಪ್ಪೇನಿಲ್ಲ ಬಿಡೋ. ಜಾಗ ಖಾಲಿ ಬಿಡೋ ಹಾಗಿರಲಿಲ್ಲ, ಕೈಗೆ ಸಿಕ್ಕಿದ್ದು ಬರೆದರು” ಅಂತಾರೆ ಅಪ್ಪ.

ಈ ಮಾತು ನನಗೆ ಸರಿಯಾಗಿ ಅರ್ಥವಾಗಿದ್ದು ಆಫೀಸಿನಲ್ಲಿ, ಒಂದು ರಾತ್ರಿ ಒಂದು ಗಂಟೆಗೆ.

ಅದಕ್ಕೆ ಮೊದಲು ಸ್ವಲ್ಪ ಹಿನ್ನೆಲೆ ಹೇಳ್ಬೇಕು. ಸಾಫ್ಟ್‌ವೇರ್‌ನವರು ಈ ಪ್ಯಾರಾ ಹಾರಿಸಬಹುದು. ನಾವು ಬರೆಯೋ ಕೋಡು ಬರೆದ ಹಾಗೇ ಸರ್ವರ್‌ಗೆ ಹೋಗೋದಿಲ್ಲ. ಅದನ್ನು ಕಂಪೈಲ್ ಮಾಡಿ, ಬೇಕಾದ ಲೈಬ್ರರಿಗಳನ್ನು ತಂದು, ಟೆಸ್ಟ್ ಓಡಿಸಿ, ಕೊನೆಗೆ ಎಲ್ಲವನ್ನೂ ಒಂದು ಫೈಲಿನಲ್ಲಿ ತುಂಬಿಕೊಡೋದಕ್ಕೆ ಬಿಲ್ಡ್ ಸಿಸ್ಟಮ್ ಅಂತ ಇರುತ್ತೆ. ನಾವು ಬಳಸೋದು ಗ್ರೇಡಲ್. ಜಾವಾದಲ್ಲಿ ಹಾಗೆ ತುಂಬಿದ ಫೈಲಿಗೆ ಜಾರ್ ಅಂತಾರೆ, ಉಪ್ಪಿನಕಾಯಿ ಜಾಡಿ ಅಂದ್ಕೊಳ್ಳಿ, ತಪ್ಪಿಲ್ಲ. ಆ ಜಾಡಿಗೆ ಯಾವ ಹೆಸರು ಅಂಟಿಸಬೇಕು ಅನ್ನೋದನ್ನು ನಾವು ಗ್ರೇಡಲ್‌ಗೆ ಹೇಳಬೇಕು. ಸೆಟ್ಟಿಂಗ್ಸ್ ಫೈಲಿನಲ್ಲಿ ರೂಟ್ ಪ್ರಾಜೆಕ್ಟ್‌ನ ಹೆಸರು ಇಂಥದ್ದು ಅಂತ ಒಂದು ಸಾಲು, ಬಿಲ್ಡ್ ಫೈಲಿನಲ್ಲಿ ವರ್ಷನ್ ಇಂಥದ್ದು ಅಂತ ಇನ್ನೊಂದು ಸಾಲು. ಅಷ್ಟೇ.

ಹೇಳದಿದ್ದರೆ? ಗ್ರೇಡಲ್ ಜಗಳಕ್ಕೆ ಬರೋದಿಲ್ಲ. ಕೋಡು ಯಾವ ಫೋಲ್ಡರ್‌ನಲ್ಲಿ ಇದೆಯೋ ಆ ಫೋಲ್ಡರ್ ಹೆಸರನ್ನೇ ಪ್ರಾಜೆಕ್ಟಿಗೆ ಇಟ್ಟುಬಿಡುತ್ತೆ. ವರ್ಷನ್ ಜಾಗದಲ್ಲಿ ‘ಅನ್‌ಸ್ಪೆಸಿಫೈಡ್’ ಅಂತ ಇಟ್ಟುಕೊಂಡು, ಜಾರ್ ಫೈಲಿನ ಹೆಸರಿನಲ್ಲಿ ವರ್ಷನ್ನನ್ನೇ ಬಿಟ್ಟುಬಿಡುತ್ತೆ. ಮೇಷ್ಟ್ರ ಥರಾನೇ.

ನಮ್ಮ ಬಿಲ್ಲಿಂಗ್ ಪ್ರಾಜೆಕ್ಟ್ ಹಳೇದು. ಶುರು ಮಾಡಿದವರು ಈಗ ಕಂಪನಿಯಲ್ಲೇ ಇಲ್ಲ. ಅದರಲ್ಲಿ ಸೆಟ್ಟಿಂಗ್ಸ್ ಫೈಲೇ ಇರಲಿಲ್ಲ. ಆದರೂ ವರ್ಷಗಟ್ಟಲೆ ಏನೂ ಆಗಿರಲಿಲ್ಲ, ಯಾಕಂದ್ರೆ ಎಲ್ಲರ ಹತ್ತಿರವೂ ಫೋಲ್ಡರ್ ಹೆಸರು ಬಿಲ್-ಸರ್ವೀಸ್ ಅಂತಲೇ ಇತ್ತು. ಗಿಟ್‌ನಿಂದ ಕೋಡು ಇಳಿಸಿಕೊಂಡರೆ ರೆಪೊ ಹೆಸರಿನಲ್ಲೇ ಫೋಲ್ಡರ್ ಬರುತ್ತಲ್ಲ, ಹಾಗಾಗಿ. ಜಾರ್ ಕೂಡ ಬಿಲ್-ಸರ್ವೀಸ್ ಅಂತಲೇ ಬರ್ತಿತ್ತು. ಅದು ನಾವು ಇಟ್ಟ ಹೆಸರು ಅಂತಲೇ ಎಲ್ಲರೂ ನಂಬಿದ್ದೆವು.

ಆ ದಿನ ರಿಲೀಸ್ ಇತ್ತು. ತೆರಿಗೆ ಲೆಕ್ಕದಲ್ಲಿ ಪೈಸೆ ರೌಂಡ್ ಮಾಡುವಾಗ ಕೆಲವು ಬಿಲ್‌ಗಳಲ್ಲಿ ಒಂದು ರೂಪಾಯಿ ಹೆಚ್ಚಾಗಿ ಬರ್ತಿತ್ತು. ಟೀಮಿಗೆ ಸೇರಿ ಎಂಟು ತಿಂಗಳಾಗಿದ್ದ ಹುಡುಗಿಯೊಬ್ಬಳು ಅದನ್ನು ಹುಡುಕಿ ಸರಿ ಮಾಡಿದ್ದಳು. ಅವಳ ಮೊದಲ ದೊಡ್ಡ ಫಿಕ್ಸ್ ಅದು. ರಾತ್ರಿ ಹತ್ತಕ್ಕೆ ಡಿಪ್ಲಾಯ್ ಮಾಡಿದೆವು. ಬಿಲ್ಡ್ ಹಸಿರು, ಟೆಸ್ಟ್ ಹಸಿರು, ಡಿಪ್ಲಾಯ್ ಹಸಿರು. ಹತ್ತೂವರೆಗೆ ಒಂದು ಬಿಲ್ ತೆಗೆದು ನೋಡಿದರೆ ಅದೇ ಒಂದು ರೂಪಾಯಿ ನಗ್ತಾ ಕೂತಿದೆ.

ಕಾಲ್‌ನಲ್ಲಿ ಹದಿನಾಲ್ಕು ಜನ ಇದ್ದರು, ಮ್ಯಾನೇಜರ್ ಸೇರಿ. ನಾನು ಕೇಳಿದೆ: “ನಿಜವಾಗ್ಲೂ ಫಿಕ್ಸ್ ಮಾಡಿದ್ದೀಯಾ, ಇಲ್ಲಾ ಸುಮ್ನೆ ಮರ್ಜ್ ಮಾಡಿದ್ಯಾ?”

“ಮಾಡಿದ್ದೀನಿ ಸರ್. ನನ್ನ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗಿ ಬರ್ತಿದೆ.”

“ಎಲ್ಲರ ಲ್ಯಾಪ್‌ಟಾಪ್‌ನಲ್ಲೂ ಸರಿಯಾಗೇ ಬರುತ್ತಮ್ಮ.”

ಆ ಕೊನೆಯ ‘ಅಮ್ಮ’ ಇದೆಯಲ್ಲ, ಅದನ್ನು ಈಗ ನೆನೆಸಿಕೊಂಡರೂ ಕಿವಿ ಬಿಸಿಯಾಗುತ್ತೆ. ಯಾರೋ ಒಬ್ಬರು ನಕ್ಕರು. ಅವಳು ಮ್ಯೂಟ್‌ಗೆ ಹೋದಳು.

ಆಮೇಲೆ ಎರಡೂವರೆ ಗಂಟೆ ನಾವೆಲ್ಲ ಅವಳು ಬರೆದ ನಲವತ್ತು ಸಾಲನ್ನು ಸಾಲು ಸಾಲಾಗಿ ಓದಿದೆವು. ಡೇಟಾಬೇಸ್ ನೋಡಿದೆವು, ಕ್ಯಾಶ್ ಅಳಿಸಿದೆವು. ಒಂದು ಗಂಟೆಗೆ ಅವಳಿಂದಲೇ ಒಂದು ಮೆಸೇಜ್ ಬಂತು. ಗ್ರೂಪಿಗಲ್ಲ, ನನಗೊಬ್ಬನಿಗೆ: “ಸರ್, ಸರ್ವರ್‌ನಲ್ಲಿ ಎರಡು ಜಾರ್ ಇವೆ.”

ಬಿಲ್-ಸರ್ವೀಸ್ ಒಂದು, ಬಿಲ್-ಸರ್ವೀಸ್-ನ್ಯೂ ಇನ್ನೊಂದು.

ನೋಡಿದ ಕೂಡಲೇ ಹೊಟ್ಟೆಯಲ್ಲಿ ಏನೋ ಕುಸಿದ ಹಾಗಾಯ್ತು. ಆ ವಾರವೇ ನಾನು ಜೆಂಕಿನ್ಸ್‌ನಲ್ಲಿ ಹಳೆಯ ಬಿಲ್ಡ್ ಜಾಬನ್ನು ಕಾಪಿ ಮಾಡಿ ಹೊಸದೊಂದು ಮಾಡಿದ್ದೆ. ತಲೆ ಕೆಡಿಸಿಕೊಳ್ಳದೆ ಹಳೆ ಹೆಸರಿನ ಕೊನೆಗೆ ‘ನ್ಯೂ’ ಸೇರಿಸಿದ್ದೆ. ಜೆಂಕಿನ್ಸ್ ಜಾಬಿನ ಹೆಸರಿನಲ್ಲೇ ಫೋಲ್ಡರ್ ಮಾಡಿತು. ಗ್ರೇಡಲ್ ಆ ಫೋಲ್ಡರ್ ಹೆಸರನ್ನೇ ಪ್ರಾಜೆಕ್ಟಿಗೆ ಇಟ್ಟಿತು. ಡಿಪ್ಲಾಯ್ ಸ್ಕ್ರಿಪ್ಟ್ ಹೊಸ ಜಾರನ್ನು ನಿಷ್ಠೆಯಿಂದ ಸರ್ವರ್‌ಗೆ ತಂದು ಹಾಕಿತು. ಸರ್ವೀಸ್ ಶುರು ಮಾಡೋ ಸ್ಕ್ರಿಪ್ಟ್ ಮಾತ್ರ ಎಂದಿನಂತೆ ಬಿಲ್-ಸರ್ವೀಸ್ ಹುಡುಕಿ, ಅಲ್ಲೇ ಪಕ್ಕದಲ್ಲಿದ್ದ ಹಳೆಯದನ್ನು ಎಬ್ಬಿಸಿತು. ಅವಳ ಫಿಕ್ಸ್ ಹೊಸ ಜಾಡಿಯಲ್ಲಿ ಭದ್ರವಾಗಿತ್ತು, ಯಾರೂ ಮುಚ್ಚಳ ತೆಗೆದಿರಲಿಲ್ಲ. ಹೆಸರಿನಲ್ಲಿ ವರ್ಷನ್ ಒಂದಿದ್ದಿದ್ದರೂ ಓಡ್ತಿರೋದು ಹಳೇದು ಅಂತ ಐದು ನಿಮಿಷದಲ್ಲಿ ಗೊತ್ತಾಗ್ತಿತ್ತು.

ಹೊಸ ಜಾರಿಗೆ ಹಳೆ ಹೆಸರು ಕೊಟ್ಟು ಸರ್ವೀಸ್ ಎಬ್ಬಿಸಿದೆವು. ಒಂದು ರೂಪಾಯಿ ಹೋಯ್ತು. ಕಾಲ್‌ನಲ್ಲಿ ಆಗ ಉಳಿದಿದ್ದವರು ಐದು ಜನ. “ಅವಳ ಕೋಡ್ ಸರಿಯಾಗಿತ್ತು, ನಾನು ಮಾಡಿದ ಜಾಬಿಂದ ಆಗಿದ್ದು” ಅಂದೆ. ಬೈದಿದ್ದು ಹದಿನಾಲ್ಕು ಜನರ ಮುಂದೆ, ಒಪ್ಪಿಕೊಂಡಿದ್ದು ಐದು ಜನರ ಮುಂದೆ. ಈ ಲೆಕ್ಕವನ್ನೂ ಯಾರೂ ರೌಂಡ್ ಮಾಡೋಕೆ ಆಗಲ್ಲ.

ಬೆಳಿಗ್ಗೆ ಹೆಸರು ಬರೆಯೋಕೆ ಕೂತೆ. ಆತುರದಲ್ಲಿ ಬಿಲ್ಡ್ ಫೈಲಿನಲ್ಲೇ ಹೆಸರು ಬದಲಿಸಲು ಹೋದರೆ ಗ್ರೇಡಲ್ ಒಪ್ಪಲಿಲ್ಲ, ಇದು ಓದೋಕೆ ಮಾತ್ರ ಅಂತ ಎರರ್ ಕೊಟ್ಟಿತು. ಅದಕ್ಕೆ ಕಾರಣ ಇದೆ. ಗ್ರೇಡಲ್ ಮೊದಲು ಸೆಟ್ಟಿಂಗ್ಸ್ ಫೈಲ್ ಓದಿ, ಯಾವ್ಯಾವ ಪ್ರಾಜೆಕ್ಟ್ ಇದೆ, ಅವಕ್ಕೆ ಏನು ಹೆಸರು ಅಂತ ನಿರ್ಧರಿಸುತ್ತೆ. ಬಿಲ್ಡ್ ಫೈಲ್ ತೆರೆಯೋದು ಆಮೇಲೆ. ಅಷ್ಟು ಹೊತ್ತಿಗೆ ಹೆಸರು ರಿಜಿಸ್ಟರಿಗೆ ಹೋಗಿಯಾಗಿರುತ್ತೆ. ಅಪ್ಪನಿಗೂ ಹೀಗೇ ಆಗಿತ್ತು. ಸೇವಾ ಪುಸ್ತಕದಲ್ಲಿ ಹುಟ್ಟಿದ ತಾರೀಕು ತಿದ್ದಿಸಬೇಕಾದರೆ ಕೆಲಸಕ್ಕೆ ಸೇರಿದ ಹೊಸದರಲ್ಲೇ ಅರ್ಜಿ ಹಾಕಬೇಕು. ಅಪ್ಪ ವಿಚಾರಿಸಿದ್ದು ನಿವೃತ್ತಿಗೆ ಎರಡು ವರ್ಷ ಇದ್ದಾಗ.

ಹಾಗಂತ, ಯೋಚನೆ ಮಾಡಿ ಇಟ್ಟ ಹೆಸರೆಲ್ಲ ಕೊನೇವರೆಗೂ ಚೆನ್ನಾಗಿರುತ್ತೆ ಅಂತಲೂ ಅಲ್ಲ. ಆಂಡ್ರಾಯ್ಡ್ ಆ್ಯಪ್‌ಗಳನ್ನು ಕಟ್ಟೋದೂ ಸಾಮಾನ್ಯವಾಗಿ ಇದೇ ಗ್ರೇಡಲ್. ಅಲ್ಲಿ ಪ್ರತಿ ಆ್ಯಪ್‌ಗೂ ಅಪ್ಲಿಕೇಶನ್ ಐಡಿ ಅಂತ ಒಂದು ಒಳಹೆಸರು ಬರೆಯಬೇಕು. ಪರದೆ ಮೇಲೆ ಕಾಣೋ ಹೆಸರು ಎಷ್ಟು ಸಲ ಬೇಕಾದರೂ ಬದಲಿಸಬಹುದು. ಒಳಹೆಸರು ಬದಲಿಸಿದರೆ ಪ್ಲೇ ಸ್ಟೋರ್ ಅದನ್ನು ಬೇರೆಯೇ ಆ್ಯಪ್ ಅಂತ ತಿಳಿಯುತ್ತೆ, ಹಳೆ ಗ್ರಾಹಕರಿಗೆ ಅಪ್‌ಡೇಟ್ ಹೋಗೋದಿಲ್ಲ. ನಿಮ್ಮ ಫೋನಿನಲ್ಲಿ ಗೂಗಲ್ ಪೇ ಇದ್ದರೆ, ಪ್ಲೇ ಸ್ಟೋರಿನಿಂದ ಅದರ ಲಿಂಕ್ ಕಾಪಿ ಮಾಡಿ ನೋಡಿ. ಕೊನೆಯ ಹತ್ತಿರ ‘ಪೈಸಾ’ ಅಂತ ಒಂದು ಪದ ಸಿಗುತ್ತೆ. 2017ರಲ್ಲಿ ಅದು ತೇಜ್ ಅನ್ನೋ ಹೆಸರಲ್ಲಿ ಬಂತು, 2018ರಲ್ಲಿ ಗೂಗಲ್ ಪೇ ಆಯ್ತು. ತೇಜ್ ಹೋಯ್ತು, ಪೈಸಾ ಉಳೀತು. ನನಗೇನೋ ಆ ಹೆಸರೇ ಇಷ್ಟ.

ನಮ್ಮ ಸೆಟ್ಟಿಂಗ್ಸ್ ಫೈಲ್ ಬರೆಯೋಕೆ ಕೊನೆಗೆ ಅವಳಿಗೇ ಹೇಳಿದೆ. ಹೆಸರು ಹಳೇದೇ ಇಟ್ಟಳು, ವರ್ಷನ್ ಜಾಗದಲ್ಲಿ 2.4.0 ಅಂತ ಬರೆದಳು. ಜಾರಿನ ಹೆಸರು ಬದಲಾಗುತ್ತೆ ಅಂತ ಸರ್ವೀಸ್ ಶುರು ಮಾಡೋ ಸ್ಕ್ರಿಪ್ಟನ್ನೂ ತಾನೇ ತಿದ್ದಿದಳು. ನನಗೆ ಹೊಳೆದೇ ಇರಲಿಲ್ಲ ಅದು. ಆಮೇಲೆ ಕ್ಯಾಂಟೀನಿನಲ್ಲಿ ಸಿಕ್ಕಾಗ ಸಾರಿ ಕೇಳಿದೆ. “ಪರವಾಗಿಲ್ಲ ಸರ್” ಅಂತ ಟೀ ತಗೊಂಡು ಹೋದಳು.

ಇದಾಗಿ ಐದು ತಿಂಗಳಾಯ್ತು. ಈಗಲೂ ಪ್ರತಿ ಫಿಕ್ಸ್ ಜೊತೆ ಅವಳು ಮೂರು ಸ್ಕ್ರೀನ್‌ಶಾಟ್ ಕಳಿಸ್ತಾಳೆ: ಲ್ಯಾಪ್‌ಟಾಪ್‌ನದ್ದು, ಟೆಸ್ಟ್ ಸರ್ವರಿನದ್ದು, ಜಾರ್ ಹೆಸರಿನದ್ದು. ನಾನು ಯಾವತ್ತೂ ಕೇಳಿಲ್ಲ.